ಕಂಗಿನೊಳಗೆ ನೀರಿನ ದಾರಿ, ಸಕ್ಕರೆಯ ದಾರಿ

ಕೃಷಿಕ ಬಂಧುಗಳೇ, ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ತೋಟಗಳಲ್ಲಿ 50 ಅಡಿ ದಾಟಿದ ಕಂಗುಗಳು, ಅಂದರೆ ಅಡಿಕೆ ಮರಗಳು, ಬೇಕಾದಷ್ಟಿವೆ. ಬುಡಕ್ಕೆ ಬಿಟ್ಟ ನೀರು ಅಷ್ಟೆತ್ತರ ಏರುವುದಾದರೂ ಹೇಗೆ? ಮೇಲೆ ಕೂತು ಹೀರುವ ಪಂಪು ಎಷ್ಟೇ ದೊಡ್ಡದಿರಲಿ, 10 ಮೀಟರಿಗಿಂತ ಆಳದ ನೀರನ್ನು ಎತ್ತಲಾರದು. ಮರ ಎತ್ತುತ್ತದೆ. ಸೋಗೆಯ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಾ ಹೋದಂತೆ ಕ್ಸೈಲಂ ಎಂಬ ನೀರು ಸಾಗಿಸುವ ನಾಳದೊಳಗಿನ ನೀರು ಕಡಿಯದೆ ಮೇಲೆ ಸರಿಯುತ್ತದೆ. ನೀರಿನ ಅಣುಗಳು ಒಂದನ್ನೊಂದು ಅಷ್ಟು ಬಿಗಿಯಾಗಿ ಹಿಡಿದಿರುತ್ತವೆ. 1894ರಲ್ಲಿ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ಇದನ್ನು ವಿವರಿಸಿದರು. ಮಣ್ಣು ತೀರಾ ಒಣಗಿದರೆ ನಾಳದಲ್ಲಿ ಗಾಳಿಗುಳ್ಳೆ ಸೇರಿ ಆ ದಾರಿ ಕಟ್ಟಿಹೋಗುತ್ತದೆ. ಹಾಗಾಗಿ ಮಾರ್ಚ್‌ನಿಂದ ಮೇವರೆಗೆ 3ರಿಂದ 5 ದಿನಕ್ಕೊಮ್ಮೆ ಮರಕ್ಕೆ 175 ಲೀಟರ್ ನೀರು ಸಿಗಲಿ. ಹತ್ತು ದಿನ ಒಣಗಿಸಿ ಒಮ್ಮೆಲೇ ಹೊಳೆ ಹರಿಸಿದರೆ ಪ್ರಯೋಜನವಿಲ್ಲ.

ಸೋಗೆಯಲ್ಲಿ ತಯಾರಾದ ಸಕ್ಕರೆಯ ದಾರಿ ಬೇರೆ, ಅದು ಫ್ಲೋಯಂ. ಬೇರಿಗೂ ಹೋಗುತ್ತದೆ, ಸಿಂಗಾರಕ್ಕೂ (ಹೂಗೊಂಚಲಿಗೂ) ಹೋಗುತ್ತದೆ. ತೆಂಗಿನ ಹೊಂಬಾಳೆ ಕೊಯ್ದಾಗ ಇಳಿಯುವ ನೀರಾ ಈ ರಸವೇ. ನೂರಕ್ಕೆ ಸುಮಾರು 15 ಪಾಲು ಸಕ್ಕರೆ. ಹಳದಿ ರೋಗ ತರುವ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು ವಾಸಿಸುವುದೂ ಈ ನಾಳದೊಳಗೇ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಅದನ್ನು ಮುಟ್ಟುವುದಿಲ್ಲ.

ಇನ್ನು ಮುಖ್ಯ ವಿಷಯ. ಗೂಟಿ ಕಟ್ಟಲು, ಅಂದರೆ ಗೆಲ್ಲಿಗೆ ಮರದಲ್ಲೇ ಬೇರು ಬರಿಸಲು, ಪೇರಳೆ ಗೆಲ್ಲಿನ ಸಿಪ್ಪೆಯನ್ನು ಉಂಗುರದಂತೆ ತೆಗೆದರೆ, ಇಳಿಯುವ ಆಹಾರ ತಡೆದು ಮೇಲಂಚು ಉಬ್ಬಿ ಬೇರು ಬಿಡುತ್ತದೆ. ಕಂಗಿನಲ್ಲಿ ಹಾಗಾಗದು. ಅದರ ನಾಳಗಳು ಕಾಂಡದೊಳಗೆಲ್ಲಾ ಚದುರಿವೆ, ಹೊಸ ನಾಳ ಹುಟ್ಟಿಸುವ ಕೇಂಬಿಯಂ ಪದರವೇ ಇಲ್ಲ. ಎಳೆಯದಿದ್ದಾಗ ಮೂಡಿದ ನಾಳಗಳೇ ಕೊನೆವರೆಗೆ ದುಡಿಯಬೇಕು. ಗಾಯ ತುಂಬಿಕೊಳ್ಳುವುದೇ ಇಲ್ಲ. ಪೈಪು ಬಿಗಿಯಲೆಂದು ಮೊಳೆ ಹೊಡೆಯುವವರು ದಯವಿಟ್ಟು ಬಿಟ್ಟುಬಿಡಿ.

ಅತಿ ಹೆಚ್ಚು ಗಾಯ ಮಾಡುವುದು ನೈಋತ್ಯದ ಬಿಸಿಲು. ಮೊದಲು ಹಸಿರು ಕಾಂಡದ ಮೇಲೆ ಹೊನ್ನಿನ ಬಣ್ಣದ ಕಲೆ, ಆಮೇಲೆ ಕಂದು, ಮತ್ತೆ ಉದ್ದುದ್ದ ಬಿರುಕು. ಬಿರುಕಿನಲ್ಲಿ ಶಿಲೀಂಧ್ರ ಸೇರಿ ಒಳಗೆ ಕುಂಬಾಗಿ, ಮಳೆಗಾಲದ ಗಾಳಿಗೆ ಮರ ಅಲ್ಲಿಗೇ ಮುರಿಯುತ್ತದೆ. ಹೊಸ ತೋಟವಾದರೆ ಉತ್ತರ-ದಕ್ಷಿಣದ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ನೆಡಿ. ಇರುವ ತೋಟದಲ್ಲಿ, ಮಳೆ ನಿಂತ ಕೂಡಲೇ ಎಳೆ ಮರಗಳ ಬಿಸಿಲ ಮಗ್ಗುಲಿಗೆ ಒಣ ಸೋಗೆಯನ್ನೋ ಅಡಿಕೆ ಹಾಳೆಯನ್ನೋ ಕಟ್ಟಿ. ನೈಋತ್ಯದ ಅಂಚಿನ ಸಾಲಿನಿಂದಲೇ ಸುರು ಮಾಡಿ.