ಅಣ್ಣನ ಯೂರಿಯಾ, ತಮ್ಮನ ಗದ್ದೆ

ಎಲ್ಲರಿಗೂ ನಮಸ್ಕಾರ. ಗದ್ದೆಯಿಂದ ಬಂದು, ಕೈಕಾಲು ತೊಳೆದು, ಜಗುಲಿಯಲ್ಲಿ ಕೂತು ರೇಡಿಯೋ ಹಾಕಿದವರಿಗೆ ಇವತ್ತು ಒಂದೇ ಮಾತು ಹೇಳೋಣ ಅಂತ ಬಂದಿದ್ದೇನೆ. ಮೋಡ ಕಟ್ಟಿದಾಗ ಯೂರಿಯಾ ಎರಚಬೇಡಿ. ಅಷ್ಟೇ. ಯಾಕೆ ಅಂತ ಈಗ ಹೇಳುತ್ತೇನೆ.

ಎಲೆ ಹಸಿರಾಗಲು, ತೆಂಡೆ ಒಡೆಯಲು, ಕಾಳು ತುಂಬಲು ಸಾರಜನಕ ಬೇಕು. ಗಾಳಿಯಲ್ಲಿ ನೂರಕ್ಕೆ 78 ಪಾಲು ಅದೇ ಇದೆ, ಆದರೆ ಭತ್ತಕ್ಕೆ ಗಾಳಿಯಿಂದ ಅದನ್ನು ತೆಗೆದುಕೊಳ್ಳಲು ಬರುವುದಿಲ್ಲ, ಬೇರಿನಿಂದಲೇ ಹೋಗಬೇಕು. ಅದಕ್ಕೇ ಮೂಟೆ ತರುತ್ತೇವೆ. ಒಂದು ಮೂಟೆ ಯೂರಿಯಾ 45 ಕೆ.ಜಿ., ಅದರಲ್ಲಿ ಸಾರಜನಕ 20 ಕೆ.ಜಿ.ಗಿಂತ ಸ್ವಲ್ಪ ಜಾಸ್ತಿ. ನೀರು ನಿಂತ ಗದ್ದೆಗೆ ಎರಚಿದರೆ ಪೈರಿಗೆ ಸಿಗುವುದು ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು. ಉಳಿದದ್ದರಲ್ಲಿ ಬಹಳಷ್ಟು ಗಾಳಿಗೆ ಹೋಯಿತು, ಹಳ್ಳಕ್ಕೆ ಹೋಯಿತು. ಮೂಟೆ ಹೊತ್ತು ಬದುವಿನ ಮೇಲೆ ಜಾರಿಕೊಂಡು ನಡೆದವರನ್ನು ನೋಡಿದ್ದೇನೆ, ಅದಕ್ಕೇ ನನಗೆ ಹೊಟ್ಟೆ ಉರಿಯುತ್ತದೆ.

ಕೆಲವು ವರ್ಷದ ಹಿಂದೆ, ಶ್ರಾವಣದಲ್ಲಿ, ಹೊಸನಗರದ ಕಡೆ ಒಂದು ಊರಿಗೆ ಹೋಗಿದ್ದೆ. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡ ಗದ್ದೆ. ಮೇಲಿನ ಮಕ್ಕಿ ಗದ್ದೆ ಅಣ್ಣನದು, ಕೆಳಗಿನ ಬೈಲು ತಮ್ಮನದು. ಕರೆದವರು ಅಣ್ಣ. "ಮೇಡಂ, ಮೇಲುಗೊಬ್ಬರ ಹಾಕಿ ಹದಿನೈದು ದಿನ ಆಯ್ತು, ಪೈರು ಇನ್ನೂ ಹಳದಿ. ಗೊಬ್ಬರದಲ್ಲೇ ಏನೋ ಕಲಬೆರಕೆ ಇದೆ" ಅಂದರು. ನೋಡಿದೆ, ಹಳದಿ ನಿಜ. ಕೆಳಗಿನ ಎಲೆಯಿಂದ ಹಿಡಿದು ಬಣ್ಣ ಇಳಿದಿತ್ತು. ಸುಮ್ನೆ ಬದು ಇಳಿದು ತಮ್ಮನ ಗದ್ದೆಗೆ ಹೋದೆ. ಮೇಲಿನ ನೀರು ಬೀಳುವ ಕಂಡಿಯ ಬಾಯಲ್ಲಿ ಪೈರು ಕಪ್ಪುಹಸಿರು, ಅಲ್ಲಿಂದ ಬೀಸಣಿಗೆ ಬಿಚ್ಚಿದ ಹಾಗೆ ಆ ಹಸಿರು ಗದ್ದೆಯೊಳಗೆ ಹರಡಿಕೊಂಡಿತ್ತು. ಎಲೆ ಹಿಡಿದರೆ ಮೆತ್ತಗೆ, ಬಾಗಿ ನೀರು ಮುಟ್ಟುತ್ತಿತ್ತು. ಎಲೆಯ ಮೇಲೆ ಕಣ್ಣಿನ ಆಕಾರದ ಚುಕ್ಕೆ, ನಡುವೆ ಬೂದಿ, ಅಂಚು ಕಂದು. ಬೆಂಕಿ ರೋಗ! ಸಾರಜನಕ ಅತಿಯಾದ ಪೈರಿಗೆ ಅದು ಬೇಗ ಹತ್ತುತ್ತದೆ. ತಮ್ಮ ಪಕ್ಕದಲ್ಲೇ ನಿಂತಿದ್ದರು. "ನಾನು ಈ ಸಲ ಮೇಲುಗೊಬ್ಬರ ಹಾಕೇ ಇಲ್ಲ ಮೇಡಂ" ಅಂದರು.

ತಿರುಗಿ ಅಣ್ಣನನ್ನು ಕೇಳಿದೆ, "ಗೌಡ್ರೇ, ಎರಚಿದ್ದು ಯಾವಾಗ?" "ಬುಧವಾರ ಬೆಳಿಗ್ಗೆ, ಮಳೆ ಹಿಡಿಯೋದರೊಳಗೆ ಮುಗಿಸಿಬಿಟ್ಟೆ" ಅಂದರು. ಮಧ್ಯಾಹ್ನ ಹಿಡಿದ ಮಳೆ ಶುಕ್ರವಾರದವರೆಗೂ ಬಿಡಲಿಲ್ಲವಂತೆ. ಗೊಬ್ಬರದಲ್ಲಿ ಕಲಬೆರಕೆ ಇರಲಿಲ್ಲ. ಅಣ್ಣನ ದುಡ್ಡು ನೀರಿನ ಜೊತೆ ಕಂಡಿ ದಾಟಿ ತಮ್ಮನ ಗದ್ದೆಗೆ ಇಳಿದು ಅಲ್ಲಿ ರೋಗ ತಂದಿತ್ತು. ಇಬ್ಬರಿಗೂ ನಷ್ಟ.

ಯೂರಿಯಾ ನೀರಲ್ಲಿ ಕರಗಿದ ಹೊಸದರಲ್ಲಿ ಮಣ್ಣಿಗೆ ಅಂಟುವುದಿಲ್ಲ, ನೀರು ಹೋದಲ್ಲಿ ಹೋಗುತ್ತದೆ. ಕೆಲವು ದಿನದಲ್ಲಿ ಅದು ಒಡೆದು ಅಮೋನಿಯಂ ಆದ ಮೇಲೆ ಮಣ್ಣು ಅದನ್ನು ಹಿಡಿದುಕೊಳ್ಳುತ್ತದೆ. ಆ ಕೆಲವು ದಿನ ಮಳೆ ಬಿಡುವು ಕೊಟ್ಟರೆ ನೀವು ಗೆದ್ದಿರಿ. "ಬೇವು ಲೇಪಿಸಿದ್ದು ಅಲ್ವಾ ಮೇಡಂ, ತೊಳೆದು ಹೋಗಲ್ಲ" ಅಂತ ಎಷ್ಟು ಜನ ಹೇಳುತ್ತೀರಿ! 2015ರಿಂದ ನಮ್ಮಲ್ಲಿ ಯೂರಿಯಾಕ್ಕೆಲ್ಲ ಬೇವು ಲೇಪಿಸುತ್ತಾರೆ, ಒಳ್ಳೆಯದೇ. ಆದರೆ ಬೇವು ತಡೆಯುವುದು ಅಮೋನಿಯಂ ಅನ್ನು ಮಣ್ಣಿಗೆ ಅಂಟದ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳನ್ನು. ಮಲೆನಾಡಿನ ಮಳೆಯನ್ನು ಬೇವು ತಡೆದೀತೇ? ಮತ್ತೆ ಹೇಳುತ್ತೇನೆ, ಮೋಡ ಕಟ್ಟಿದಾಗ ಎರಚಬೇಡಿ. ಹೊಳವಾಗುವವರೆಗೆ ಕಾಯಿರಿ, ಗದ್ದೆಯ ನೀರು ಬಸಿಯಿರಿ, ಗೊಬ್ಬರ ಕೊಡಿ, ಒಂದೆರಡು ದಿನ ಬಿಟ್ಟು ನೀರು ಕಟ್ಟಿ. ಒಂದೇ ಸಲ ಸುರಿಯದೆ ಎರಡು ಮೂರು ಕಂತು ಮಾಡಿ.

ಸಂಶೋಧನೆಯ ಸುದ್ದಿಯೂ ಹೇಳಬೇಕಿತ್ತು, ಗಡಿಯಾರ ಓಡುತ್ತಿದೆ. ಬೇವು ಮಾಡುವ ಕೆಲಸವನ್ನು ತನ್ನ ಬೇರಿನಿಂದಲೇ ಮಾಡುವ ಗೋಧಿ ಬಂದಿದೆ. ಜಪಾನ್ ಮತ್ತು ಮೆಕ್ಸಿಕೋದ ಸಂಶೋಧನಾ ಕೇಂದ್ರಗಳು ಕೂಡಿ ಒಂದು ಕಾಡುಹುಲ್ಲಿನ ಗುಣವನ್ನು ಗೋಧಿಗೆ ತಂದು 2021ರಲ್ಲಿ ಪ್ರಕಟಿಸಿದವು. ಬೇರು ತಾನೇ ರಸ ಬಿಟ್ಟು ಆ ಸೂಕ್ಷ್ಮಜೀವಿಗಳನ್ನು ನಿಧಾನ ಮಾಡುತ್ತದೆ. ನನಗಂತೂ ಇದನ್ನು ಓದಿದ ದಿನ ನಿದ್ದೆ ಬರಲಿಲ್ಲ.

ತೋಟದವರಿಗೆ ಒಂದೇ ಮಾತು. ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ ಸಾಕು, ಯೂರಿಯಾ ಲೆಕ್ಕದಲ್ಲಿ ಸುಮಾರು 220 ಗ್ರಾಂ. ಅರ್ಧ ಮುಂಗಾರು ಜೋರಾಗುವ ಮೊದಲು, ಅರ್ಧ ಮಳೆ ಇಳಿದ ಮೇಲೆ. ಸೊಪ್ಪು, ಕೊಟ್ಟಿಗೆ ಗೊಬ್ಬರ ತಪ್ಪಿಸಬೇಡಿ.

ಗದ್ದೆಯವರು ಎಲೆ ಬಣ್ಣದ ಪಟ್ಟಿ, ಅಂದರೆ ತಿಳಿಹಸಿರಿನಿಂದ ಕಡುಹಸಿರಿನವರೆಗೆ ಬಣ್ಣ ಇರುವ ಪಟ್ಟಿ, ಒಂದನ್ನು ಕೇಳಿ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಗದ್ದೆಗಿಳಿದು, ಬಿಸಿಲಿಗೆ ಬೆನ್ನು ಮಾಡಿ ನಿಂತು, ಪೂರ್ತಿ ಬಿಚ್ಚಿದ ಮೇಲಿನ ಎಲೆಯನ್ನು ನಿಮ್ಮ ನೆರಳಲ್ಲೇ ಪಟ್ಟಿಗೆ ಹಿಡಿದು ನೋಡಿ. ಎಲೆ ಕೀಳಬೇಡಿ. ಹೀಗೆ ಹತ್ತು ಬುಡ ನೋಡಿ. ಹೆಚ್ಚಿನವು ತಿಳಿ ಬಣ್ಣ ಕಂಡರೆ ಮಾತ್ರ ಗೊಬ್ಬರ ತೆಗೆಯಿರಿ, ಅದಕ್ಕೂ ಮೊದಲು ಒಂದು ಸಲ ತಲೆಯೆತ್ತಿ ಮೋಡ ನೋಡಿ. ನಮಸ್ಕಾರ.