ಚಳಿಗಾಲದ ಹೂದಾನಿಗೆ ತೋಟದ ಕೊಂಬೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದಿದೆ. ಕಣದಲ್ಲಿ ಕಾಫಿ ಹರಡಿದೆ. ಮನೆಯವರೆಲ್ಲ ಕೊಯ್ಲಿನ ಗಡಿಬಿಡಿಯಲ್ಲಿರುವ ಈ ದಿನಗಳಲ್ಲೇ ನೆಂಟರೂ ಬರುತ್ತಾರೆ. ಜಗಲಿಯ ಮೇಜಿನ ಮೇಲೆ ಏನಾದರೂ ಚೆಂದಕ್ಕೆ ಇಡೋಣ ಎಂದು ಅಂಗಳಕ್ಕೆ ಹೋದರೆ ಮಳೆಗಾಲದಷ್ಟು ಹೂ ಇರುವುದಿಲ್ಲ. ಆಗ ಪೇಟೆಯಿಂದ ಜರ್ಬೆರಾ, ಗುಲಾಬಿಯ ಕಟ್ಟು ತರುವವರೇ ಹೆಚ್ಚು. ಅದರ ಅಗತ್ಯವೇ ಇಲ್ಲ. ಚಳಿಗಾಲದಲ್ಲಿ ಹೂ ಹುಡುಕಬೇಡಿ, ಕೊಂಬೆಯನ್ನು ನೋಡಿ.

ಇದು ನಮಗೆ ಹೊಸತೇನೂ ಅಲ್ಲ. ತುಲಾ ಸಂಕ್ರಮಣದ ಕಣಿ ಪೂಜೆಗೆ ಸೌತೆಕಾಯಿಗೋ ತೆಂಗಿನಕಾಯಿಗೋ ಕೆಂಪು ರೇಷ್ಮೆ ಸುತ್ತಿ, ಒಡವೆ ತೊಡಿಸಿ ಕಾವೇರಮ್ಮನನ್ನು ಕೂರಿಸುತ್ತೇವೆ. ಪುತ್ತರಿಗೆ ಎಲೆಗಳನ್ನು ಸುತ್ತಿ ‘ನೆರೆ’ ಎಂಬ ಕಟ್ಟು ಕಟ್ಟುತ್ತೇವೆ. ಕಾಯಿ, ಎಲೆ, ಬಳ್ಳಿ, ಕೋಲುಗಳಲ್ಲೇ ಚೆಲುವು ಕಟ್ಟುವ ಕೈ ಈ ನೆಲದಲ್ಲಿ ಮೊದಲಿನಿಂದಲೂ ಇದೆ.

ಜಪಾನಿನ ಹೂಜೋಡಣೆ ಇಕೆಬಾನಾ ಕೂಡ ಕೊಂಬೆಯ ಕಲೆಯೇ. 1927ರಲ್ಲಿ ಶುರುವಾದ ಸೋಗೆತ್ಸು ಪಂಥದ ಮೊದಲ ಪಾಠದಲ್ಲಿ ಮೂರು ಮುಖ್ಯ ಕೊಂಬೆಗಳು. ಎಲ್ಲಕ್ಕಿಂತ ಎತ್ತರದ್ದು ಶಿನ್, ಅದರ ಮುಕ್ಕಾಲು ಉದ್ದದ್ದು ಸೋಯೆ, ಇನ್ನೂ ಗಿಡ್ಡದ್ದು ಹಿಕಾಯೆ. ಹೆಸರು ನೆನಪಿಡಬೇಕಾಗಿಲ್ಲ. ಒಂದು ಎತ್ತರ, ಒಂದು ಓರೆ, ಒಂದು ತಗ್ಗು, ನಡುವೆ ಖಾಲಿ ಜಾಗ. ಆ ಖಾಲಿ ಜಾಗವನ್ನು ತುಂಬಲು ಹೋಗಬೇಡಿ. ಕೊಂಬೆಯ ಬಳುಕು ಕಾಣುವುದೇ ಅದರಿಂದ.

ಈಗ ಗಿಡಗಳಿಗೆ ಬರೋಣ. ಬೇಲಿ ಬದಿಯಲ್ಲಿ ಆಳೆತ್ತರಕ್ಕೆ ಬೆಳೆದು ಡಿಸೆಂಬರಿನಲ್ಲಿ ಕೆಂಪಾಗುವ ಪಾಯಿನ್ಸೆಟಿಯಾ ಎಲ್ಲರಿಗೂ ಗೊತ್ತು. ಮೆಕ್ಸಿಕೋ ಕಡೆಯ ಗಿಡ. ನಾವು ಹೂ ಅನ್ನುವ ಆ ಕೆಂಪೆಲ್ಲ ಎಲೆ. ನಿಜವಾದ ಹೂ ನಡುವಿನ ಪುಟ್ಟ ಹಳದಿ ಗುಂಡುಗಳು. ರಾತ್ರಿ ಉದ್ದವಾದರೆ ಮಾತ್ರ ಎಲೆ ಕೆಂಪೇರುತ್ತದೆ, ಅದಕ್ಕೇ ಬೀದಿದೀಪದ ಬೆಳಕು ಬೀಳುವ ಕಡೆ ಇರುವ ಗಿಡ ಹಸಿರಾಗಿಯೇ ಉಳಿದುಬಿಡುತ್ತದೆ. ಕತ್ತರಿಸಿದ ಕೂಡಲೇ ಹಾಲು ಸೋರುತ್ತದೆ, ಸ್ವಲ್ಪ ಹೊತ್ತಿಗೆ ತಲೆ ಬಾಗುತ್ತದೆ. ‘ಇದು ನಿಲ್ಲುವುದಿಲ್ಲ ಅಕ್ಕ’ ಎಂದು ಕೈಬಿಟ್ಟವರು ತುಂಬಾ ಜನ. ನಿಲ್ಲುತ್ತದೆ. ಕತ್ತರಿಸಿದ ತುದಿಯನ್ನು ದೀಪದ ಉರಿಗೆ ಕ್ಷಣಕಾಲ ಹಿಡಿದು, ಹಾಲು ಕಟ್ಟಿದ ಮೇಲೆ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ಎಲೆ ಬಿಗಿಯಾಗಿರುತ್ತದೆ. ಆ ಹಾಲು ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ.

ಹೈಡ್ರಾಂಜಿಯಾ ಮಳೆಗಾಲದ್ದು. ಆದರೆ ಗೊಂಚಲನ್ನು ಕತ್ತರಿಸದೆ ಗಿಡದಲ್ಲೇ ಬಿಟ್ಟಿದ್ದರೆ ಈಗ ಅದು ಹಸಿರು, ಕಂದುಗೆಂಪು ಬೆರೆತು, ಮುಟ್ಟಿದರೆ ಕಾಗದದ ಹಾಗೆ ಸದ್ದು ಮಾಡುತ್ತದೆ. ಹಸಿಯಾಗಿದ್ದಾಗಿನ ನೀಲಿಗಿಂತ ನನಗೆ ಈ ಬಣ್ಣವೇ ಹೆಚ್ಚು ಇಷ್ಟ. ಆ ನೀಲಿ ಬರುವುದು ನಮ್ಮ ಹುಳಿಮಣ್ಣಿನಿಂದ. ತೋಟಕ್ಕೆ ಸುಣ್ಣ ಹಾಕುವಾಗ ಇದರ ಬುಡಕ್ಕೂ ಬಿದ್ದರೆ ಮುಂದಿನ ಮಳೆಗೆ ಹೂ ಗುಲಾಬಿ ಬಣ್ಣಕ್ಕೆ ತಿರುಗಬಹುದು. ಒಣಗಿದ ಗೊಂಚಲಿಗೆ ನೀರು ಬೇಡ, ಬರಿಯ ಹೂಜಿಯಲ್ಲಿ ನಿಲ್ಲಿಸಿದರೆ ಸಾಕು.

ಇನ್ನು ಕಾಫಿ. ಹಣ್ಣು ತುಂಬಿದ ರೊಬಸ್ಟಾ ರೆಕ್ಕೆಯಷ್ಟು, ಅಂದರೆ ಗಿಡದ ಅಡ್ಡಕೊಂಬೆಯಷ್ಟು, ಚೆಂದದ್ದು ಯಾವ ಹೂವಿನಂಗಡಿಯಲ್ಲೂ ಸಿಗದು. ಫಸಲು ಮುರಿದು ಹೂದಾನಿಗೆ ಇಡುವುದೇ ಎಂದು ಹಿರಿಯರು ಕೇಳುವುದು ನ್ಯಾಯ. ಅದಕ್ಕೆ ಹೇಗಿದ್ದರೂ ಕಸಿಯಲ್ಲಿ, ಅಂದರೆ ಗಿಡ ಸವರುವಾಗ, ಕತ್ತರಿಸಿ ಹೋಗುವ, ನೆಲ ಮುಟ್ಟುವ ರೆಕ್ಕೆಯನ್ನೇ ಆರಿಸಿ. ತಂದಮೇಲೆ ಎಲೆಗಳನ್ನೆಲ್ಲ ಬಿಡಿಸಿಬಿಡಿ. ಆಗ ಗೆಣ್ಣುಗೆಣ್ಣಿಗೆ ಮೆತ್ತಿಕೊಂಡ ಹಣ್ಣು, ಕೆಂಪಿನ ನಡುವೆ ಒಂದೆರಡು ಹಸಿರು, ತುದಿಯಲ್ಲಿ ಕಪ್ಪಗೆ ಸುಕ್ಕಿದ್ದು, ಎಲ್ಲ ಕಾಣುತ್ತದೆ. ಗಟ್ಟಿ ಕೊಂಬೆಯ ಬುಡವನ್ನು ಓರೆಯಾಗಿ ಕೊಯ್ದು, ಚೂರಿಯಿಂದ ಎರಡು ಅಂಗುಲ ಸೀಳಿದರೆ ನೀರು ಚೆನ್ನಾಗಿ ಏರುತ್ತದೆ.

ಜೊತೆಗೆ ಏನಿಡುವುದು? ತೋಟದಲ್ಲಿ ತಲೆ ತಗ್ಗಿಸಿ ನಡೆದರೆ ಸಿಗುತ್ತದೆ. ಸಿಲ್ವರ್ ಓಕಿನ ಉದುರಿದೆಲೆ, ಬೆನ್ನಲ್ಲಿ ಬೆಳ್ಳಿ ಬಣ್ಣ. ಅಡಕೆ ಹಾಳೆ, ಅದನ್ನೇ ತಟ್ಟೆ ಮಾಡಬಹುದು. ಬೈನೆ ಮರದ ಒಣಗಿದ ಗೊನೆ ಜಡೆಯಂತೆ ಇಳಿಬೀಳುತ್ತದೆ, ಕಾಯಿ ಇರುವಾಗ ಮುಟ್ಟಬೇಡಿ, ತುರಿಕೆ. ಕಲ್ಲುಹೂ ಹತ್ತಿದ ಒಣ ಕಡ್ಡಿ ನನಗಂತೂ ಬಹಳ ಅಮೂಲ್ಯ. ಕಲ್ಲುಹೂ ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವಂಥದ್ದು, ಮರದಿಂದ ಕೆರೆಯದೆ ಗಾಳಿಗೆ ಬಿದ್ದ ಕಡ್ಡಿಯನ್ನಷ್ಟೇ ಆರಿಸಬೇಕು. ಮಳೆಗಾಲದ ಹೊಳೆ ದಡಕ್ಕೆ ತಂದು ಹಾಕಿದ ಕೊರಡಿದ್ದರೆ ಉಜ್ಜಿ ತೊಳೆದು, ಕಣದ ಬಿಸಿಲಿಗೆ ಕೆಲವು ದಿನ ಇಡಿ. ಬೋರರ್ ಎಂಬ ಕಾಂಡಕೊರಕ ಹುಳು ಹೊಡೆದು ಕಿತ್ತ ಅರೇಬಿಕಾ ಕಾಫಿಯ ಕಾಂಡವನ್ನು ಮಾತ್ರ ಎಷ್ಟೇ ಚೆಂದ ಕಂಡರೂ ಉಳಿಸಬೇಡಿ. ಒಳಗಿನ ಹುಳು ದುಂಬಿಯಾಗಿ ಹೊರಬಂದು ಉಳಿದ ಗಿಡಗಳನ್ನೂ ಹಿಡಿಯುತ್ತದೆ. ಸುಡುವುದೇ ಸರಿ.

ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರುವುದು ಬೇಡ, ನಾಗರಹೊಳೆ, ಪುಷ್ಪಗಿರಿಯಂಥ ರಕ್ಷಿತ ಕಾಡಿನಿಂದಲೂ ಬೇಡ. ಇದನ್ನು ನಾನು ಒತ್ತಿ ಹೇಳುತ್ತೇನೆ. ಅಲ್ಲಿ ಬಿದ್ದದ್ದು ಅಲ್ಲೇ ಕೊಳೆತು ಮಣ್ಣಾಗಬೇಕು.

ಎಲ್ಲ ಸೇರಿಸಿ ಒಂದು ಮಾದರಿ ಹೇಳುತ್ತೇನೆ. ಅಗಲ ಬಾಯಿಯ ಹಳೆಯ ತಾಮ್ರದ ಪಾತ್ರೆ. ತಳಕ್ಕೆ ಹೊಳೆಯ ನುಣುಪುಗಲ್ಲು, ಕೊಂಬೆ ಅಲುಗದಂತೆ ಹಿಡಿಯುವುದು ಅವೇ. ಎಡಕ್ಕೆ ಕಲ್ಲುಹೂ ಹತ್ತಿದ ಕಡ್ಡಿ, ಪಾತ್ರೆಯ ಒಂದೂವರೆಪಟ್ಟು ಎತ್ತರ. ಅದರ ಬುಡದಿಂದ ಬಲಕ್ಕೆ ಚಾಚಿದ ಕಾಫಿ ರೆಕ್ಕೆ. ಅಂಚಿನ ಬಳಿ ತಗ್ಗಾಗಿ ಒಂದೇ ಒಂದು ಪಾಯಿನ್ಸೆಟಿಯಾ. ಎರಡನೆಯದು ಇಟ್ಟರೆ ಕಣ್ಣು ಕೆಂಪಿಗೇ ಹೋಗುತ್ತದೆ, ಕಡ್ಡಿಯ ಬೂದು ಹಸಿರು ಯಾರಿಗೂ ಕಾಣುವುದಿಲ್ಲ.

ನೀರನ್ನು ದಿನ ಬಿಟ್ಟು ದಿನ ಬದಲಿಸಿ, ನೀರಿನೊಳಗೆ ಎಲೆ ಮುಳುಗಿರಬಾರದು. ಚಳಿ ಹೂವಿಗೆ ಒಳ್ಳೆಯದೇ, ಒಲೆಯ ಪಕ್ಕ ಇಡಬೇಡಿ. ಬಾಳೆಗೊನೆ ತೂಗುಹಾಕಿದ ಕೋಣೆಯೂ ಬೇಡ. ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲಕ್ಕೆ ಎಲೆ, ಹೂ ಬೇಗ ಉದುರುತ್ತವೆ.

ಹಸಿ ಕೊಂಬೆ ಬಾಡಿದ ಮೇಲೆ ಒಣಗಿದ್ದನ್ನು ಇಟ್ಟುಕೊಂಡು, ಜೊತೆಗೆ ಹೊಸ ಕೊಂಬೆ ಸೇರಿಸುತ್ತಾ ಹೋಗಬಹುದು. ಏಪ್ರಿಲ್, ಮೇವರೆಗೂ ನಡೆಯುತ್ತದೆ. ಜೂನಿನ ಮಳೆ ಹಿಡಿಯುವ ಮೊದಲು ಹೈಡ್ರಾಂಜಿಯಾ, ಹಾಳೆ, ಕಡ್ಡಿ ಎಲ್ಲವನ್ನೂ ತೆಗೆದು ಗೊಬ್ಬರದ ಗುಂಡಿಗೆ ಹಾಕಿಬಿಡಿ. ನಮ್ಮ ಮಳೆಗಾಲದ ತೇವಕ್ಕೆ ಅವು ಬೂಷ್ಟು ಹಿಡಿಯದೆ ಇರುವುದಿಲ್ಲ. ನಮಸ್ಕಾರ.