ಕ್ಯಾಲೆಂಡರಿನ ಮೇಲೊಂದು ಸುತ್ತು

ಕೇಳುಗರಿಗೆಲ್ಲ ನಮಸ್ಕಾರ. ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಕುಕ್ಕರ್ ಇಳಿಸುತ್ತಿರುವ ತಾಯಂದಿರು, ಪಿಜಿ ರೂಮಿನಲ್ಲಿ ಕೆಲಸಕ್ಕೆ ಹೊರಡುತ್ತಿರುವ ಹುಡುಗಿಯರು, ನಿಮ್ಮನ್ನೇ ಕಣ್ಣ ಮುಂದೆ ಇಟ್ಟುಕೊಂಡು ಮಾತಾಡುತ್ತೇನೆ. ಗಂಡಸರೂ ಎದ್ದು ಹೋಗಬೇಡಿ. ನಿಮ್ಮ ಮನೆಯಲ್ಲೂ ಮಗಳೋ ತಂಗಿಯೋ ಇರುತ್ತಾಳೆ.

ವಿಷಯ ಪಿಸಿಓಎಸ್, ಅಂದರೆ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ. ಬೆಂಗಳೂರಿನಲ್ಲಿ ಎಲ್ಲರ ಬಾಯಲ್ಲೂ ಅದು ಪಿಸಿಓಡಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಹೆರುವ ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 10ರಿಂದ 13 ಮಂದಿಗೆ ಇದು ಇದೆ, ಬಹಳಷ್ಟು ಮಂದಿಗೆ ಇರುವುದೇ ಗೊತ್ತಿಲ್ಲ. ನಾನು ಇವತ್ತು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಮನೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೇತುಹಾಕಿದ್ದೀರಲ್ಲ, ಮುಟ್ಟಾದ ದಿನ ಅದರ ಮೇಲೆ ಒಂದು ಸುತ್ತು ಹಾಕಿ. ಹಾಲು ಬರದ ದಿನ, ಗ್ಯಾಸ್ ಬುಕ್ ಮಾಡಿದ ದಿನ, ಚೀಟಿ ಕಟ್ಟುವ ದಿನ ಎಲ್ಲಾ ಅದರಲ್ಲಿ ಬರೆಯುತ್ತೀರಿ. ಇದೊಂದನ್ನು ಬರೆಯುವುದಿಲ್ಲ.

ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳು. ಕಾಮಾಕ್ಷಿಪಾಳ್ಯದ ಕಡೆಯ ತಾಯಿಯೊಬ್ಬರು 19 ವರ್ಷದ ಮಗಳನ್ನು ಕರೆದುಕೊಂಡು ಬಂದರು. ಗಾರ್ಮೆಂಟ್ಸಿನಲ್ಲಿ ಕೆಲಸ, ಅವತ್ತಿನ ಸಂಬಳ ಬಿಟ್ಟು ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರಲ್ಲಿ ಮೂರು ಸ್ಕ್ಯಾನ್ ರಿಪೋರ್ಟು. "ಡಾಕ್ಟ್ರೇ, ಇವಳ ಹೊಟ್ಟೇಲಿ ನೀರುಗುಳ್ಳೆ ತುಂಬ್ಕೊಂಡಿದ್ಯಂತೆ, ಆಪರೇಷನ್ ಮಾಡಿ ತೆಗೆದುಬಿಡಿ" ಅಂದರು. ಹುಡುಗಿ ತಲೆ ಎತ್ತಲಿಲ್ಲ. ಆ ಸೆಕೆಯಲ್ಲೂ ದುಪಟ್ಟಾವನ್ನು ಕತ್ತಿಗೆ ಸುತ್ತಿಕೊಂಡು ಕೂತಿದ್ದಳು. ಬಿಚ್ಚಿಸಿ ನೋಡಿದೆ. ಕತ್ತಿನ ಹಿಂಭಾಗ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ಅದರ ಮೇಲೆಲ್ಲ ಗೀರುಗಾಯ. ಕೊಳೆ ಅಂದುಕೊಂಡು ತಾಯಿ ಭಾನುವಾರ ಭಾನುವಾರ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ, ಸಾಲದೆ ಹೋದಾಗ ತೆಂಗಿನ ನಾರು ತೆಗೆದುಕೊಂಡು ಉಜ್ಜಿದ್ದರು.

ಅಮ್ಮಂದಿರೇ, ಅದು ಕೊಳೆಯಲ್ಲ. ಊಟ ಮಾಡಿದ ಮೇಲೆ ರಕ್ತದಲ್ಲಿನ ಸಕ್ಕರೆಯನ್ನು ಜೀವಕೋಶದೊಳಕ್ಕೆ ಕಳಿಸುವುದು ಇನ್ಸುಲಿನ್. ಕೆಲವರ ಮೈ ಅದರ ಮಾತು ಕೇಳುವುದಿಲ್ಲ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಆ ಇನ್ಸುಲಿನ್ನಿಂದ ಕತ್ತು, ಕಂಕುಳು ಕಪ್ಪಾಗುತ್ತವೆ. ಅದೇ ಇನ್ಸುಲಿನ್ ಅಂಡಾಶಯವನ್ನು ಕೆಣಕಿ ಗಂಡು ಹಾರ್ಮೋನನ್ನು ಅಳತೆ ಮೀರಿ ಮಾಡಿಸುತ್ತದೆ. ಗಲ್ಲದ ಮೇಲೆ ಕೂದಲು, ಮೊಡವೆ, ನೆತ್ತಿ ತೆಳುವಾಗುವುದು ಎಲ್ಲ ಅಲ್ಲಿಂದಲೇ. ಅಂಡಾಣು ಬಲಿಯುವುದೂ ಅರ್ಧಕ್ಕೇ ನಿಲ್ಲುತ್ತದೆ. ಗಾಂಧಿಬಜಾರಿನಿಂದ ತಂದ ಮಲ್ಲಿಗೆ ಮೊಗ್ಗು ಅರಳದೆ ಹಾಗೇ ಉಳಿದುಬಿಡುತ್ತದಲ್ಲ, ಸ್ಕ್ಯಾನಿನಲ್ಲಿ ಅಂಡಾಶಯದ ಅಂಚಿನ ಸುತ್ತ ಕಾಣುವುದು ಅಂಥ ಮೊಗ್ಗುಗಳು. ಕತ್ತರಿಸಿ ತೆಗೆಯಬೇಕಾದ ಗಡ್ಡೆಗಳಲ್ಲ. 1935ರಲ್ಲಿ ಸ್ಟೈನ್, ಲೆವೆಂಥಾಲ್ ಎಂಬ ಶಿಕಾಗೋದ ಇಬ್ಬರು ವೈದ್ಯರು ಇದನ್ನು ವಿವರಿಸಿದಾಗ ಕಣ್ಣಿಗೆ ಬಿದ್ದದ್ದು ದಪ್ಪಗಾಗಿ ಗುಳ್ಳೆ ತುಂಬಿದಂತಿದ್ದ ಅಂಡಾಶಯ. 'ಸಿಸ್ಟ್', ಅಂದರೆ ನೀರುಗುಳ್ಳೆ, ಅನ್ನುವ ಮಾತು ಹೆಸರಿನಲ್ಲಿ ಉಳಿದುಕೊಂಡಿತು, ಇವತ್ತಿಗೂ ಜನರನ್ನು ಹೆದರಿಸುತ್ತಿದೆ.

ಆ ಹುಡುಗಿಯನ್ನು ಕೇಳಿದೆ, "ಕೊನೇ ಸಲ ಮುಟ್ಟಾಗಿದ್ದು ಯಾವಾಗಮ್ಮ?" ತಾಯಿ ಮಗಳ ಮುಖ ನೋಡಿದರು, ಮಗಳು ತಾಯಿ ಮುಖ ನೋಡಿದಳು. "ದೀಪಾವಳಿಗೆ ಅಲ್ವೇನೇ?" "ಇಲ್ಲಮ್ಮ, ಗಣೇಶನ ಹಬ್ಬದ ಹಿಂದಿನ ದಿನ." ನಾನು ಬೆರಳು ಮಡಿಸಿ ಎಣಿಸಿದೆ. ಏಳು ತಿಂಗಳು! ತಾಯಿ ಮೆಲ್ಲಗೆ ಹೇಳಿದರು, "ಹಬ್ಬ ಹರಿದಿನಕ್ಕೆ ತೊಂದ್ರೆ ಇಲ್ವಲ್ಲ, ಒಳ್ಳೇದೇ ಆಯ್ತು ಅಂದ್ಕೊಂಡ್ವಿ." ಈ ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ ಲೆಕ್ಕವಿಲ್ಲ. ಕೇಳಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ತಿಂಗಳು ತಿಂಗಳು ಕಳಚಿ ಬೀಳಬೇಕಾದ ಗರ್ಭಕೋಶದ ಒಳಪದರ ಬೀಳದೆ ದಪ್ಪವಾಗುತ್ತಾ ಹೋಗುತ್ತದೆ. ಆಮೇಲೆ ಒಂದು ದಿನ ಶುರುವಾದ ರಕ್ತ ಇಪ್ಪತ್ತು ದಿನವಾದರೂ ನಿಲ್ಲುವುದಿಲ್ಲ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಆ ಪದರದಲ್ಲಿ ಕ್ಯಾನ್ಸರ್ ಬರುವ ಅಪಾಯವೂ ಇದೆ. ಅದಕ್ಕೇ ಹೇಳುವುದು, ಸುತ್ತು ಹಾಕಿ. ಸುತ್ತಿಲ್ಲದೆ ಮೂರು ಹಾಳೆ ಮಗುಚಿದರೆ ಡಾಕ್ಟರ ಹತ್ತಿರ ಬನ್ನಿ.

ಥೈರಾಯ್ಡ್, ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು, ಸಕ್ಕರೆ ಎಲ್ಲ ನೋಡಿಸಿ, ಹತ್ತು ದಿನ ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ಮುಟ್ಟು ತರಿಸಿದ್ದಾಯಿತು. ಆಮೇಲೆ ಊಟದ ಮಾತು. ಹುಡುಗಿ ಬೆಳಿಗ್ಗೆ ಏನೂ ತಿನ್ನುತ್ತಿರಲಿಲ್ಲ, ದಪ್ಪ ಆಗ್ತೀನಿ ಅಂತ. ಸಂಜೆ ನಾಲ್ಕಕ್ಕೆ ಹಸಿವು ತಡೆಯದೆ ಬೇಕರಿಯ ಬನ್ನು, ಪಫ್ಸು. ಉಪವಾಸ ಬಿಡು ಅಂದೆ. ತಟ್ಟೆಯಲ್ಲಿ ಅನ್ನದ ಗುಡ್ಡೆ ಅರ್ಧ ಮಾಡು, ಅಲ್ಲಿ ಬಸ್ಸಾರಿನ ಸೊಪ್ಪು, ಹೆಸರುಕಾಳು, ಕೋಸಂಬರಿ, ಮೊಟ್ಟೆ ಬರಲಿ. ರಾಗಿಮುದ್ದೆ ಒಳ್ಳೆಯದೇ, ಆದರೆ ಮುದ್ದೆ ಉಂಡು ಮೇಲೆ ಅಷ್ಟೇ ಅನ್ನ ಉಂಡರೆ ಏನು ಬಂತು? ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ತಾಯಿ ಮಗಳು ಇಬ್ಬರೂ ಬೀದಿಯಲ್ಲಿ ಬಿರುಸಾಗಿ ನಡೆಯಿರಿ, ವಾರಕ್ಕೆ ಐದು ದಿನ, ಅಲ್ಲಿಗೆ 150 ನಿಮಿಷ. ಸ್ನಾಯು ಕೆಲಸ ಮಾಡಿದಾಗ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ, ಇನ್ಸುಲಿನ್ ಇಳಿಯುತ್ತದೆ. ಲಾಲ್‌ಬಾಗೇ ಬೇಕು ಅಂತಿಲ್ಲ.

ಆರು ತಿಂಗಳಿಗೆ ಮತ್ತೆ ಬಂದರು. ಈ ಸಲ ಕವರಿಲ್ಲ. ತಾಯಿಯ ಕಂಕುಳಲ್ಲಿ ಕ್ಯಾಲೆಂಡರು, ಮೊಳೆಯ ಮೇಲಿಂದ ಹಾಗೇ ಇಳಿಸಿ ಸುರುಳಿ ಸುತ್ತಿ ತಂದಿದ್ದರು. ಹುಡುಗಿ ನನ್ನ ಮೇಜಿನ ಮೇಲೆ ಅದನ್ನು ಬಿಡಿಸಿ, ಹಾಳೆ ಹಾಳೆ ಮಗುಚಿ ಕೆಂಪು ಸುತ್ತು ತೋರಿಸಿದಳು. ಕೊನೆಯ ಮೂರು ಸಲದ ಮುಟ್ಟು ಮಾತ್ರೆಯಿಲ್ಲದೆ ತಾನಾಗಿ ಬಂದಿತ್ತು. 78 ಕೆಜಿ ಇದ್ದವಳು ಇಳಿದದ್ದು 5 ಕೆಜಿ, ಅಷ್ಟೇ. ನೂರಕ್ಕೆ ಐದರಿಂದ ಹತ್ತರಷ್ಟು ತೂಕ ಇಳಿದರೆ ಎಷ್ಟೋ ಮಂದಿಗೆ ಮುಟ್ಟು ದಾರಿಗೆ ಬರುತ್ತದೆ. ತೆಳ್ಳಗಿರುವವರಿಗೂ ಪಿಸಿಓಎಸ್ ಬರುತ್ತದೆ, ಅವರಿಗೂ ನಡಿಗೆ ಬೇಕು.

ಈ ಕಥೆಯಲ್ಲೇ ಹೊತ್ತು ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಮುಖದ ಕೂದಲಿಗೆ ಮಾತ್ರೆಯ ಗುಣ ಕಾಣಲು ಕಡಿಮೆಯೆಂದರೂ ಆರು ತಿಂಗಳು ಬೇಕು, ಮಧ್ಯೆ ಬಿಡಬೇಡಿ. ಥ್ರೆಡಿಂಗ್ ಮಾಡಿಸಿದರೆ ಕೂದಲು ಜಾಸ್ತಿಯಾಗುವುದಿಲ್ಲ. ಹಾರ್ಮೋನ್ ಮಾತ್ರೆ ತಿಂದರೆ ಮುಂದೆ ಮಕ್ಕಳಾಗುವುದಿಲ್ಲ ಅನ್ನುವುದು ಸುಳ್ಳು. ಪಿಸಿಓಎಸ್ ಇದ್ದರೆ ಬಂಜೆ ಅನ್ನುವುದು ಇನ್ನೂ ದೊಡ್ಡ ಸುಳ್ಳು. ಅಂಡಾಣು ಬಿಡುಗಡೆಯಾಗುವಂತೆ ಮಾಡಲು ಲೆಟ್ರೋಜೋಲ್‌ನಂಥ ಮಾತ್ರೆ ಇದೆ, ಹೆತ್ತವರು ಬೇಕಾದಷ್ಟು ಮಂದಿ ಇದ್ದಾರೆ. "ಮದುವೆ ಮಾಡಿಬಿಡಿ, ಎಲ್ಲಾ ಸರಿಹೋಗುತ್ತೆ" ಅನ್ನುವವರಿಗೆ ಒಂದು ಪ್ರಶ್ನೆ: ತಾಳಿ ಕಟ್ಟಿದರೆ ಇನ್ಸುಲಿನ್ ಇಳಿಯುತ್ತದೆಯೇ? ದಯವಿಟ್ಟು ಆ ಮಾತು ನಿಲ್ಲಿಸಿ. ಮಗಳು ಮಂಕಾಗಿದ್ದರೆ, ಕನ್ನಡಿ ನೋಡಿ ಅಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದೂ ಈ ಕಾಯಿಲೆಯ ಜೊತೆಗೇ ಬರುತ್ತದೆ. ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ ನೋಡಿಸಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಸ್ಕ್ಯಾನ್ ರಿಪೋರ್ಟ್ ಮರೆತರೂ ಪರವಾಗಿಲ್ಲ, ಕ್ಯಾಲೆಂಡರ್ ಮರೆಯಬೇಡಿ. ಹೊತ್ತುಕೊಂಡು ಹೋಗಲು ಸಂಕೋಚವಾದರೆ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೊನೆಯ ಸಲ ಆದ ದಿನ ನೆನಪಿದ್ದರೆ ಈಗಲೇ ಎದ್ದು ಹೋಗಿ ಸುತ್ತು ಹಾಕಿ, ಪೆನ್ನು ಅಲ್ಲೇ ದಾರದಲ್ಲಿ ಕಟ್ಟಿಡಿ. ನಮಸ್ಕಾರ.